ತಿಮರೆ ಕೇಳಿದರೆ ಬ್ರಾಹ್ಮಿ ಕೊಟ್ಟರು

ನಾನು ಪುತ್ತೂರಿನ ಕಡೆಯವಳು. ನಮ್ಮಲ್ಲಿ ತಂಬುಳಿ ಅಂದ್ರೆ ಮೊದಲು ನೆನಪಾಗುವುದು ತಿಮರೆ. ಬೆಂಗಳೂರಿನ ತಾರಸಿಯಲ್ಲೂ ಒಂದು ಕುಂಡ ಇರಲಿ ಅಂತ ನರ್ಸರಿಗೆ ಹೋದೆ. ತಿಮರೆ ಅಂದರೆ ಗೊತ್ತಾಗಲಿಲ್ಲ. ಒಂದೆಲಗ ಅಂದೆ. "ಓ, ಬ್ರಾಹ್ಮಿನಾ? ಇದೆ ಮೇಡಂ" ಅಂತ ಒಂದು ಕವರ್ ಗಿಡ ಕೊಟ್ಟರು. ಎಲೆ ತೀರಾ ಚಿಕ್ಕದು. ಎಳೆ ಗಿಡ, ಆಮೇಲೆ ಅಗಲವಾಗುತ್ತೆ ಅಂದುಕೊಂಡೆ.

ಅಗಲವಾಗಲೇ ಇಲ್ಲ. ತಿಂಗಳು ಕಾದು, ಇದ್ದಷ್ಟು ಚಿವುಟಿ, ಜೀರಿಗೆ-ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದೆ. ಬಾಯಿಗಿಟ್ಟರೆ ಕಹಿಯೋ ಕಹಿ! ಅಮ್ಮನಿಗೆ ಫೋಟೊ ಕಳಿಸಿದೆ. "ಇದು ತಿಮರೆ ಅಲ್ಲ ಮಾರಾಯ್ತಿ" ಅಂದರು.

ನರ್ಸರಿಯವರದ್ದೂ ತಪ್ಪಲ್ಲ. ನಮ್ಮಲ್ಲಿ ಎರಡು ಗಿಡಕ್ಕೂ ಬ್ರಾಹ್ಮಿ ಅಂತಾರೆ. ತಿಮರೆ ಸೆಂಟೆಲ್ಲಾ ಏಷಿಯಾಟಿಕಾ, ಕೊತ್ತಂಬರಿಯ ಕುಟುಂಬದ್ದು. ನನಗೆ ಸಿಕ್ಕಿದ್ದು ನೀರುಬ್ರಾಹ್ಮಿ, ಬಕೋಪಾ ಮೊನಿಯೆರಿ. ಎರಡಕ್ಕೂ ನಂಟೇ ಇಲ್ಲ. ಆಯುರ್ವೇದದಲ್ಲಿ ಸಾಮಾನ್ಯವಾಗಿ ಮೊದಲನೆಯದು ಮಂಡೂಕಪರ್ಣಿ, ಎರಡನೆಯದು ಬ್ರಾಹ್ಮಿ.

ಮುಂದಿನ ಸಲ ಚೀಟಿಯಲ್ಲಿ ಸೆಂಟೆಲ್ಲಾ ಅಂತ ಬರೆದುಕೊಂಡೇ ಇನ್ನೊಂದು ನರ್ಸರಿಗೆ ಹೋದೆ. ಅಲ್ಲಿ ದುಂಡಗಿನ, ಮಿರಮಿರ ಹೊಳೆಯುವ ಎಲೆಯ ಗಿಡ ತೋರಿಸಿದರು. ಇನ್ನೇನು ದುಡ್ಡು ಕೊಡಬೇಕು, ಸುಮ್ನೆ ಒಂದು ಎಲೆ ತಿರುಗಿಸಿ ನೋಡಿದೆ. ತೊಟ್ಟು ಎಲೆಯ ನಟ್ಟನಡುವೆ ಕೊಡೆಯ ಕೋಲಿನ ಹಾಗೆ ನಿಂತಿತ್ತು. ತಿಮರೆಗೆ ಹಾಗಿರುವುದಿಲ್ಲ. ಎಲೆಯ ಒಂದು ಕಡೆ ಸೀಳು, ತೊಟ್ಟು ಸೇರುವುದು ಆ ಸೀಳಿನಲ್ಲೇ. ಇದು ಅಂದಕ್ಕೆ ಬೆಳೆಸುವ ಹೈಡ್ರೊಕೋಟೈಲ್. ತಮಾಷೆ ಏನು ಗೊತ್ತಾ? ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ತಿಮರೆಗೆ ಇಟ್ಟಿದ್ದ ಹೆಸರೂ ಹೈಡ್ರೊಕೋಟೈಲ್ ಏಷಿಯಾಟಿಕಾ! ಸೆಂಟೆಲ್ಲಾ ಆಗಿದ್ದು 1879ರಲ್ಲಿ. ಕೊನೆಗೆ ಅಮ್ಮನೇ ಊರಿಂದ ಬೇರು ಸಮೇತ ನಾಲ್ಕು ಬಳ್ಳಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿದರು.

ಹಾಗಂತ ವೈಜ್ಞಾನಿಕ ಹೆಸರು ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ. ದೊಡ್ಡಪತ್ರೆ ಮೊದಲು ಕೋಲಿಯಸ್ ಆಗಿತ್ತು, ಆಮೇಲೆ ಪ್ಲೆಕ್ಟ್ರಾಂತಸ್ ಆಯಿತು, ಈಗ ಮತ್ತೆ ಕೋಲಿಯಸ್. ನರ್ಸರಿಗಳಲ್ಲಿ ಅದನ್ನೇ ಅಜ್ವಾನದ ಗಿಡ ಅಂತಾರೆ, ಅಡುಗೆಗೆ ಹಾಕುವ ಓಮದ ಕಾಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಹಳೇ ಲ್ಯಾಟಿನ್ ಹೆಸರು ಹಿಡಿದು ಹುಡುಕಿದರೆ ಹೊಸದು ಸಿಗುತ್ತೆ. ಬ್ರಾಹ್ಮಿ ಅಂತ ಹುಡುಕಿದರೆ ಎರಡೂ ಗಿಡ ಬಂದು ಕೂರುತ್ತವೆ, ಅಲ್ವಾ?

ಈಗ ಐಸ್‌ಕ್ರೀಂ ಕಡ್ಡಿಯ ಮೇಲೆ ಊರಿನ ಹೆಸರು, ಬೆಂಗಳೂರಿನ ಹೆಸರು, ಲ್ಯಾಟಿನ್ ಹೆಸರು ಮೂರನ್ನೂ ಪೆನ್ಸಿಲ್‌ನಲ್ಲಿ ಬರೆದು ಕುಂಡಕ್ಕೆ ಚುಚ್ಚುತ್ತೇನೆ. ಪೆನ್ನಾದರೆ ಮಳೆಗೆ ಅಳಿಸಿಹೋಗುತ್ತೆ. ನೆಲನೆಲ್ಲಿಯ ಕಡ್ಡಿಯಲ್ಲಿ ಮಾತ್ರ ಫಿಲ್ಲಾಂಥಸ್ ಅಂತ ಕುಲದ ಹೆಸರಷ್ಟೇ ಬರೆದು ನಿಲ್ಲಿಸಿದ್ದೇನೆ. ಅದರಲ್ಲಿ ಒಂದೇ ಥರ ಕಾಣುವ ಗಿಡಗಳು ಜಾಸ್ತಿ. ಹೂ ಬಿಟ್ಟ ಮೇಲೆ ಭೂತಗನ್ನಡಿ ಹಿಡಿದು ಎಸಳಿನ ಹಾಗೆ ಕಾಣುವ ಭಾಗಗಳನ್ನು ಎಣಿಸಬೇಕು.