ಕಾರ್ ಶೆಡ್ಡಿನ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಬಳಿಯುವ ಕ್ರಮ

ಎಪಾಕ್ಸಿಯನ್ನು, ಅಂದರೆ ಎರಡು ದ್ರವಗಳನ್ನು ಕಲಸಿ ಬಳಿದಾಗ ಗಟ್ಟಿಯಾಗುವ ಲೇಪವನ್ನು, ಬಳಿಯುವುದು ಅರ್ಧ ದಿನದ ಕೆಲಸ. ನೆಲವನ್ನು ಅದಕ್ಕೆ ಅಣಿಗೊಳಿಸುವುದು ಎರಡು ಮೂರು ದಿನಗಳದ್ದು. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ, ಗದ್ದೆಯ ಮಗ್ಗುಲಲ್ಲೇ ಕಟ್ಟಿದ ಮನೆಗಳಲ್ಲಿ ಎಲ್ಲಕ್ಕೂ ಮೊದಲು ನೆಲದೊಳಗಿನ ತೇವವನ್ನು ಪರೀಕ್ಷಿಸಬೇಕು. ಮೇಲೆ ಒಣಗಿದಂತೆ ಕಾಣುವ ಕಾಂಕ್ರೀಟು ಅಡಿಯ ಮಣ್ಣಿನಿಂದ ತೇವವನ್ನು ಹೀರುತ್ತಲೇ ಇರುತ್ತದೆ. ಅದು ಹೊರಬರಲು ದಾರಿ ಸಿಗದಿದ್ದಾಗ ಎಪಾಕ್ಸಿಯ ಪದರವನ್ನೇ ಎತ್ತಿಬಿಡುತ್ತದೆ. ನಮ್ಮ ಶೆಡ್ಡಿನಲ್ಲಿ ಈ ಪರೀಕ್ಷೆ ಮಾಡದೆ ಬಳಿಸಿದ್ದೆವು. ಭತ್ತದ ನಾಟಿ ಮುಗಿಯುವ ಹೊತ್ತಿಗೆ ನೆಲದಲ್ಲಿ ಹಪ್ಪಳದಂತೆ ಗುಳ್ಳೆಗಳೆದ್ದು, ಚಕ್ರ ನಿಲ್ಲುವ ಕಡೆ ಪದರವು ಟೈರಿಗೆ ಅಂಟಿಕೊಂಡೇ ಬಂತು.

ಪರೀಕ್ಷೆಗೆ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚುಗಳಿಗೆ ಟೇಪು ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ, ಅಥವಾ ಅದರಡಿಯ ನೆಲ ಕಪ್ಪಾಗಿದ್ದರೆ, ಕೆಲಸವನ್ನು ಬೇಸಿಗೆಗೆ ಮುಂದೂಡುವುದು ಲೇಸು. ಹೊಸ ಕಾಂಕ್ರೀಟಿಗಾದರೆ ಕನಿಷ್ಠ 28 ದಿನ ಕಾಯಬೇಕು.

ಎಣ್ಣೆಯ ಕಲೆಗಳನ್ನು ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ ತೊಳೆದ ಮೇಲೆಯೇ ನೆಲವನ್ನು ಉಜ್ಜಬೇಕು. ಇಲ್ಲವಾದರೆ ಯಂತ್ರವೇ ಎಣ್ಣೆಯನ್ನು ನೆಲದುದ್ದಕ್ಕೂ ಹರಡುತ್ತದೆ. ಡೈಮಂಡ್ ಚಕ್ರದ ಗ್ರೈಂಡರಿನಿಂದ ಮೇಲಿನ ಸಿಮೆಂಟ್ ಹಾಲಿನ ಪೊರೆಯನ್ನು ಕೆರೆದು ತೆಗೆದಾಗ ನೆಲ ಕೈಗೆ ಮರಳುಕಾಗದದಂತೆ ತರಿತರಿಯಾಗಿರಬೇಕು. ನಾಲ್ಕು ಹನಿ ನೀರು ಚಿಮುಕಿಸಿದರೆ ಅದು ಮುತ್ತಿನಂತೆ ನಿಲ್ಲದೆ ಇಂಗಬೇಕು. ಹೀಗೆ ಉಜ್ಜುವ ಬದಲು ಆಸಿಡ್ ಸುರಿದರೆ ಅಗ್ಗವಾಗುತ್ತದೆ ಎಂದು ಮೇಸ್ತ್ರಿಗಳು ಹೇಳುವುದುಂಟು. ಅದನ್ನು ಪೂರ್ತಿ ತೊಳೆದು ನೆಲವನ್ನು ಮತ್ತೆ ಒಣಗಿಸುವ ಪಾಡನ್ನು ನೆನೆದರೆ ನಾನಂತೂ ಒಪ್ಪುವುದಿಲ್ಲ. ಬಿರುಕುಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ದೂಳನ್ನು ಪೊರಕೆಯಿಂದಲ್ಲ, ವ್ಯಾಕ್ಯೂಮಿನಿಂದಲೇ ತೆಗೆಯಬೇಕು.

ಬಳಿಯಲು ಇಳಿಹೊತ್ತು ಸೂಕ್ತ. ಬೆಳಗಿನ ಬಿಸಿಲಿಗೆ ಕಾಂಕ್ರೀಟು ಕಾಯುತ್ತಿದ್ದಂತೆ ಅದರ ರಂಧ್ರಗಳಲ್ಲಿನ ಗಾಳಿ ಹಿಗ್ಗಿ, ಹಸಿ ಪದರದಲ್ಲಿ ಸೂಜಿಮೊನೆಯಷ್ಟು ತೂತುಗಳನ್ನು ಮಾಡುತ್ತದೆ. ಸಂಜೆ ನೆಲ ತಣಿಯುವಾಗ ಆ ಕಾಟವಿರುವುದಿಲ್ಲ. ಮೊದಲು ಪ್ರೈಮರನ್ನು (ಅಡಿಪದರದ ಲೇಪವನ್ನು), ಅದು ಗಟ್ಟಿಯಾದ ಮೇಲೆ ಡಬ್ಬದಲ್ಲಿ ಹೇಳಿದ ಅವಧಿಯೊಳಗೆ ಎಪಾಕ್ಸಿಯನ್ನು ಬಳಿಯಬೇಕು. ಅವಧಿ ಮೀರಿದರೆ ಪ್ರೈಮರನ್ನು ಮರಳುಕಾಗದದಿಂದ ತುಸು ಉಜ್ಜಿ ಮುಂದುವರಿಯಬೇಕು.

ಎಪಾಕ್ಸಿಯ ಎರಡು ಭಾಗಗಳಾದ ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರನ್ನು ಡಬ್ಬದ ಮೇಲಿನ ಪ್ರಮಾಣದಲ್ಲೇ ಸೇರಿಸಿ, ನಿಧಾನಗತಿಯ ಡ್ರಿಲ್ಲಿನಿಂದ ಮೂರು ನಿಮಿಷ ಕಲಸಿ, ಬಕೆಟ್ಟಿನ ಗೋಡೆಗೆ ಅಂಟಿದ್ದನ್ನೂ ಕೆರೆದು ಸೇರಿಸಬೇಕು. ಕಲಸಿದ್ದನ್ನು ಬಕೆಟ್ಟಿನಲ್ಲೇ ಇಟ್ಟರೆ ಅದು ತನ್ನ ಕಾವಿಗೇ ಬೇಗ ಗಟ್ಟಿಯಾಗುವುದರಿಂದ, ಕೂಡಲೇ ನೆಲದ ಮೇಲೆ ಪಟ್ಟಿಪಟ್ಟಿಯಾಗಿ ಸುರಿದು, ಒಳಗೋಡೆಯಿಂದ ಬಾಗಿಲಿನತ್ತ ರೋಲರ್ ಎಳೆಯುತ್ತಾ ಬರಬೇಕು. ಹಾರ್ಡ್‌ನರ್ ಚರ್ಮಕ್ಕೆ ತಾಗದಂತೆ ಕೈಗವಸು ಕಡ್ಡಾಯ. ತಾಗಿದರೆ ತಿನ್ನರ್ ಬಳಸದೆ ಸೋಪಿನ ನೀರಿನಿಂದ ತೊಳೆಯಬೇಕು.

ಸಾಮಾನ್ಯವಾಗಿ ಒಂದು ದಿನದ ನಂತರ ನಡೆದಾಡಬಹುದು, ಕಾರು ನಿಲ್ಲಿಸಲು ಏಳು ದಿನ ಕಾಯಬೇಕು. ಬಿಸಿಲು ಬೀಳುವ ಪೋರ್ಟಿಕೋದಲ್ಲಿ ಬರಿಯ ಎಪಾಕ್ಸಿ ಹಳದಿಗಟ್ಟುವುದರಿಂದ, ಅಲ್ಲಿ ಮೇಲೊಂದು ಪಾಲಿಯುರೆಥೇನ್ ಪದರವನ್ನೂ ಕೊಡಿಸಬೇಕು.