ಸರಿಗಮಕ್ಕೆ ಐದು ಗೆರೆ: ಮ್ಯೂಸ್‌ಸ್ಕೋರ್ ಕಲಿಯುವ ಬಗೆ

ಸುಗಮ ಸಂಗೀತ ಕಾರ್ಯಕ್ರಮದ ತಾಲೀಮು ನೋಡಿದವರಿಗೆ ಈ ಪೇಚಾಟ ಗೊತ್ತು. ಹಾಡುವವರ ಕೈಯಲ್ಲಿ ಸರಿಗಮ ಬರೆದ ನೋಟ್‌ಬುಕ್. ಕೀಬೋರ್ಡ್ ನುಡಿಸುವವರು ಕೇಳುವುದು ಐದು ಗೆರೆಯ ಸ್ಟಾಫ್ ನೊಟೇಶನ್. ಕೊನೆಗೆ ಯಾರೋ ಒಬ್ಬರು ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಕೂರುತ್ತಾರೆ. ಮರುದಿನ ಗಾಯಕಿ ‘ಶ್ರುತಿ ಸ್ವಲ್ಪ ಇಳಿಸೋಣ’ ಎಂದರೆ ಆ ಹಾಳೆ ರದ್ದಿಗೆ ಹೋಗುತ್ತದೆ.

ಈ ಕೆಲಸಕ್ಕೆ ಸಾವಿರಾರು ರೂಪಾಯಿಯ ತಂತ್ರಾಂಶವೇನೂ ಬೇಕಿಲ್ಲ. ಮ್ಯೂಸ್‌ಸ್ಕೋರ್ ಸ್ವರಲಿಪಿ ಬರೆಯುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದೇ ಕೆಲಸದ ಡೊರಿಕೊ, ಸಿಬೆಲಿಯಸ್‌ಗಳೂ ಉಚಿತ ಆವೃತ್ತಿ ಕೊಡುತ್ತವೆ, ಆದರೆ ಎಷ್ಟು ವಾದ್ಯ ಬರೆಯಬಹುದು ಎಂಬುದಕ್ಕೆ ಅವುಗಳಲ್ಲಿ ಮಿತಿಯಿದೆ. ಇಳಿಸಿಕೊಳ್ಳುವಾಗ ಒಂದು ಎಚ್ಚರ: ತಂತ್ರಾಂಶ ಇರುವುದು ‘ಡಾಟ್ ಆರ್ಗ್’ ತಾಣದಲ್ಲಿ. ‘ಡಾಟ್ ಕಾಮ್’ ಎಂಬುದು ಜನರು ಬರೆದ ಸ್ವರಲಿಪಿಗಳನ್ನು ಹಂಚಿಕೊಳ್ಳುವ ಜಾಗ, ಅಲ್ಲಿ ಚಂದಾ ಕೇಳುತ್ತಾರೆ. ಬರೆಯುವ ಕೆಲಸಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಮೊಬೈಲ್ ಆ್ಯಪ್ ಬರೆದದ್ದನ್ನು ನೋಡಲು ಮತ್ತು ಕೇಳಲು ಮಾತ್ರ. ಬರೆಯಲು ಕಂಪ್ಯೂಟರೇ ಬೇಕು.

ಮೊದಲ ದಿನವೇ ಮೆನುಗಳನ್ನೆಲ್ಲ ಜಾಲಾಡಲು ಹೊರಟರೆ ತಲೆ ಕೆಡುತ್ತದೆ. ಬಾಯಿಗೆ ಬರುವ ಎರಡು ಸಾಲನ್ನು ಬರೆದು ನೋಡುವುದೇ ಮೇಲು. ಸಂಗೀತ ಪಾಠದ ಮೊದಲ ಅಭ್ಯಾಸವಾದ ಸರಳೆ ವರಸೆಯನ್ನೇ ತೆಗೆದುಕೊಳ್ಳೋಣ. ರಾಗ ಮಾಯಾಮಾಳವಗೌಳ, ಆದಿತಾಳ.

ಹೊಸ ಸ್ಕೋರ್ ತೆರೆದಾಗ ಯಾವ ವಾದ್ಯ ಎಂದು ಕೇಳುತ್ತದೆ. ವಯೊಲಿನ್ ಆರಿಸಿ, ಪಿಯಾನೊ ಆರಿಸಿದರೆ ಬಲಗೈಗೊಂದು, ಎಡಗೈಗೊಂದು ಎಂದು ಎರಡು ಸಾಲು ಬರುತ್ತವೆ, ನಮಗೆ ಒಂದೇ ಸಾಕು. ಮುಂದಿನ ಪುಟದಲ್ಲಿ ತಾಳದ ಗುರುತು ನಾಲ್ಕರ ಮೇಲೆ ನಾಲ್ಕು ಎಂದಿರುತ್ತದೆ. ಹಾಗೆಯೇ ಬಿಡಿ.

ಈಗ ಖಾಲಿ ಗೆರೆಗಳು. ಮೊದಲ ಬಾರ್ (ಎರಡು ಲಂಬ ಗೆರೆಗಳ ನಡುವಿನ ಭಾಗ) ಮೇಲೆ ಕ್ಲಿಕ್ ಮಾಡಿ ‘ಎನ್’ ಒತ್ತಿ. ಬರೆಯುವ ಸ್ಥಿತಿಗೆ ಬಂದಿರಿ. ಅಂಕಿ 4 ಒತ್ತಿದರೆ ಬಾಲವಿರುವ ಅರ್ಧ ಮಾತ್ರೆಯ ಸ್ವರ, 5 ಒತ್ತಿದರೆ ಒಂದು ಮಾತ್ರೆಯದು. ನಾವು 4 ಒತ್ತೋಣ. ಒಂದು ಬಾರಿನಲ್ಲಿ ಅಂಥವು ಎಂಟು ಹಿಡಿಸುತ್ತವೆ, ಅಂದರೆ ಆದಿತಾಳದ ಒಂದು ಆವರ್ತ ಪೂರ್ತಿ. ಷಡ್ಜವನ್ನು ‘ಸಿ’ ಎಂದಿಟ್ಟುಕೊಂಡು ಸಿ, ಡಿ, ಇ, ಎಫ್, ಜಿ, ಎ, ಬಿ, ಸಿ ಎಂದು ಕೀಲಿಗಳನ್ನು ಒತ್ತುತ್ತಾ ಹೋಗಿ. ಸ್ವರಗಳು ತಾವಾಗಿಯೇ ಏರುತ್ತವೆ, ಬಾಲಗಳು ನಾಲ್ಕು ನಾಲ್ಕಾಗಿ ಕೂಡಿಕೊಳ್ಳುತ್ತವೆ: ಆದಿತಾಳದ ಅಂಗಗಳಂತೆಯೇ ಮೊದಲ ನಾಲ್ಕು ಲಘು, ಮುಂದಿನ ನಾಲ್ಕು ಎರಡು ದ್ರುತ! ಮೊದಲ ‘ಸಿ’ ತಾರಸ್ಥಾಯಿಯಲ್ಲಿ ಕುಳಿತರೆ ಕಂಟ್ರೋಲ್ ಒತ್ತಿ ಹಿಡಿದು ಕೆಳಬಾಣ ಒತ್ತಿ, ಒಂದು ಸ್ಥಾಯಿ ಇಳಿಯುತ್ತದೆ.

ಆದರೆ ಇದು ಮಾಯಾಮಾಳವಗೌಳವಾಗಿಲ್ಲ. ಇಲ್ಲಿ ರಿಷಭ, ಧೈವತ ಎರಡೂ ಶುದ್ಧ. ಹಾಗಾಗಿ ‘ಡಿ’ ಒತ್ತಿದ ಕೂಡಲೇ ಕೆಳಬಾಣ, ‘ಎ’ ಒತ್ತಿದ ಕೂಡಲೇ ಕೆಳಬಾಣ. ಸ್ವರ ಅರ್ಧ ಮೆಟ್ಟಿಲು ಇಳಿದು ಪಕ್ಕದಲ್ಲಿ ಫ್ಲ್ಯಾಟ್ ಗುರುತು ಕಾಣಿಸಿಕೊಳ್ಳುತ್ತದೆ. ಕರ್ನಾಟಕ ಸಂಗೀತ ಕಲಿತವರು ಎಡವುವುದು ಇದರ ನಂತರ. ಫ್ಲ್ಯಾಟ್ ಗುರುತಿನ ಆಯಸ್ಸು ಅದಿರುವ ಬಾರ್ ಮುಗಿಯುವವರೆಗೆ ಮಾತ್ರ. ಎರಡನೆಯ ಬಾರಿನಲ್ಲಿ ‘ಸ ನಿ ದ ಪ ಮ ಗ ರಿ ಸ’ ಬರೆಯುವಾಗ ಬಾಣ ಒತ್ತುವುದನ್ನು ಮರೆತರೆ ಧೈವತ, ರಿಷಭಗಳು ಅರ್ಧ ಮೆಟ್ಟಿಲು ಮೇಲಿನ ಚತುಶ್ರುತಿಗೆ ಏರುತ್ತವೆ. ಏರುವಾಗ ಮಾಯಾಮಾಳವಗೌಳ, ಇಳಿಯುವಾಗ ಶಂಕರಾಭರಣ! ಹದಿನೈದನೆಯ ಮೇಳದಿಂದ (ಮೂಲ ರಾಗದಿಂದ) ಇಪ್ಪತ್ತೊಂಬತ್ತನೆಯದಕ್ಕೆ ಒಂದೇ ಜಿಗಿತ. ತಂತ್ರಾಂಶಕ್ಕೆ ರಾಗ ತಿಳಿಯದು. ಅದು ಎಚ್ಚರಿಸುವುದಿಲ್ಲ, ನಿಮ್ಮ ಕಿವಿಯೇ ಎಚ್ಚರಿಸಬೇಕು.

ಎಸ್ಕೇಪ್ ಒತ್ತಿ ಬರೆಯುವ ಸ್ಥಿತಿಯಿಂದ ಹೊರಬನ್ನಿ. ಮೊದಲ ಸ್ವರ ಆಯ್ದು ಸ್ಪೇಸ್ ಒತ್ತಿದರೆ ನುಡಿಸುತ್ತದೆ. ಗಾಬರಿಯಾಗಬೇಡಿ, ಸೆಕೆಂಡಿಗೆ ನಾಲ್ಕು ಸ್ವರದಂತೆ ಓಡುತ್ತದೆ, ಏಕೆಂದರೆ ವೇಗ ಹೇಳದಿದ್ದರೆ ನಿಮಿಷಕ್ಕೆ 120 ಮಾತ್ರೆ ಎಂದೇ ಅದರ ಲೆಕ್ಕ. ಮೊದಲ ಸ್ವರವನ್ನು ಆಯ್ದು ಆಲ್ಟ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ, ಬರುವ ಗುರುತಿನಲ್ಲಿ ಸಂಖ್ಯೆಯನ್ನು 30 ಮಾಡಿ. ಈಗ ಸೆಕೆಂಡಿಗೆ ಒಂದು ಸ್ವರ, ಪಾಠದ ಮೊದಲ ಕಾಲ.

ಮುಂದೆ ಕನ್ನಡ. ಮೊದಲ ಸ್ವರ ಆಯ್ದು ಕಂಟ್ರೋಲ್ ಎಲ್ ಒತ್ತಿದರೆ ಗೆರೆಯ ಕೆಳಗೆ ಸಾಹಿತ್ಯ ಬರೆಯುವ ಜಾಗ ತೆರೆಯುತ್ತದೆ. ‘ಸ’ ಬರೆದು ಸ್ಪೇಸ್ ಒತ್ತಿ, ಮುಂದಿನ ಸ್ವರಕ್ಕೆ ಹೋಗುತ್ತದೆ; ‘ರಿ’, ಸ್ಪೇಸ್, ‘ಗ’, ಸ್ಪೇಸ್. ಗೀತೆಯಾದರೆ ಎಂಟರ್ ಒತ್ತಿದಾಗ ಕೆಳಗೆ ಇನ್ನೊಂದು ಸಾಲು ಸಿಗುತ್ತದೆ: ಮೇಲೆ ಸ್ವರ, ಕೆಳಗೆ ಸಾಹಿತ್ಯ. ಯೂನಿಕೋಡ್‌ನಲ್ಲಿಯೇ ಬರೆಯಿರಿ. ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಅಕ್ಷರಗಳ ಕಡತದಿಂದ ನಕಲು ಮಾಡಿ ಅಂಟಿಸಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಒತ್ತಕ್ಷರ ಅಂದಗೆಟ್ಟು ಕಂಡರೆ ಫಾರ್ಮ್ಯಾಟ್ ಮೆನುವಿನ ಸ್ಟೈಲ್‌ನಲ್ಲಿ ಸಾಹಿತ್ಯದ ಫಾಂಟನ್ನು ನೋಟೊ ಸ್ಯಾನ್ಸ್ ಕನ್ನಡಕ್ಕೆ ಬದಲಿಸಿ.

ಶ್ರುತಿ ಬದಲಿಸುವುದು ಅರ್ಧ ನಿಮಿಷದ ಕೆಲಸ. ಎಲ್ಲವನ್ನೂ ಆಯ್ದು ಟೂಲ್ಸ್ ಮೆನುವಿನಲ್ಲಿ ಟ್ರಾನ್ಸ್‌ಪೋಸ್‌ಗೆ ಹೋಗಿ. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಬರೆದದ್ದನ್ನು ಬಿಳಿ ಐದಕ್ಕೆ ಒಯ್ಯಬೇಕೆಂದರೆ ಪರ್ಫೆಕ್ಟ್ ಫಿಫ್ತ್ ಮೇಲಕ್ಕೆ ಎಂದು ಆರಿಸಿ. ಐದು ಗೆರೆಯ ಮೇಲಿನ ಸ್ವರಗಳೆಲ್ಲ ಸರಿದುಕೊಳ್ಳುತ್ತವೆ, ಕೆಳಗಿನ ಸರಿಗಮ ಇದ್ದಂತೆಯೇ ಇರುತ್ತದೆ. ಪೆನ್ಸಿಲ್ ಹಿಡಿದು ರಾತ್ರಿ ಕಳೆದವರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು.

ಕೊನೆಯಲ್ಲಿ ಉಳಿದ ಖಾಲಿ ಬಾರುಗಳನ್ನು ಆಯ್ದು ಕಂಟ್ರೋಲ್ ಡಿಲೀಟ್ ಒತ್ತಿ ತೆಗೆಯಿರಿ, ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಪಿಡಿಎಫ್ ಮಾಡಿ ಮುದ್ರಿಸಿ. ಜೊತೆಗೆ ಮ್ಯೂಸಿಕ್‌ಎಕ್ಸ್‌ಎಂಎಲ್ ಪ್ರತಿಯನ್ನೂ ತೆಗೆದಿಡಿ, ಅದನ್ನು ಬೇರೆ ಸ್ವರಲಿಪಿ ತಂತ್ರಾಂಶಗಳೂ ತೆರೆಯಬಲ್ಲವು. ಮೂವತ್ತೈದು ವರ್ಷ ಬಾಳಿದ ಫಿನಾಲೆ ಎಂಬ ಸ್ವರಲಿಪಿ ತಂತ್ರಾಂಶದ ಬೆಳವಣಿಗೆ ನಿಲ್ಲಿಸುವುದಾಗಿ ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದಾಗ, ಅದರಲ್ಲಿ ಬರೆದಿಟ್ಟಿದ್ದವರು ತಮ್ಮ ಕಡತಗಳನ್ನು ಬೇರೆಡೆಗೆ ಸಾಗಿಸಲು ನೆಚ್ಚಿದ್ದು ಈ ಮಾದರಿಯನ್ನೇ.

ಸ್ವರವನ್ನು ಅಲುಗಿಸುವ, ಜಾರಿಸುವ ಗಮಕದ ಮಾತು ಬೇರೆ. ತಂತ್ರಾಂಶ ನುಡಿಸುವ ಗಾಂಧಾರ ಹಾರ್ಮೋನಿಯಂ ಮನೆಯಷ್ಟೇ ನೆಟ್ಟಗೆ ನಿಲ್ಲುತ್ತದೆ. ಕಂಪಿತವನ್ನೂ ಜಾರುವನ್ನೂ ಈ ಗೆರೆಗಳಲ್ಲಿ ಹಿಡಿಯಲು ಹೋದರೆ ಹಾಳೆ ಇರುವೆ ಹರಿದಂತಾಗುತ್ತದೆ. ಸ್ವರದ ಅಸ್ಥಿಪಂಜರವನ್ನಷ್ಟೇ ಬರೆದು, ಗಾಯಕಿ ಹಾಡಿದ ಧ್ವನಿಮುದ್ರಣವನ್ನು ಪಿಡಿಎಫ್ ಜೊತೆ ಕೀಬೋರ್ಡಿನವರಿಗೆ ಕಳುಹಿಸಿ.