ಇಲ್ಲದ ಬ್ಯಾಂಡಿನ ಕೊನೆಯ ಕಛೇರಿ: ನಿಂತ ನಿಲುವಿನಲ್ಲೇ ಹಾಡು ಕಟ್ಟಿ ನಗಿಸುವುದು ಹೇಗೆ?

ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಮೊದಲೇ ಇರುತ್ತದೆ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮಾತ್ರ ಆ ಹೊತ್ತಿಗೆ ಹುಟ್ಟುವಂಥದ್ದು. ಹುಸಿ ಬ್ಯಾಂಡೊಂದರ ಹೆಸರಲ್ಲಿ ವೇದಿಕೆ ಹತ್ತಿ, ಪ್ರೇಕ್ಷಕರು ಕೊಟ್ಟ ಪದಕ್ಕೆ ಅಲ್ಲೇ ಹಾಡು ಕಟ್ಟುವ ಆಟಕ್ಕೂ ಇದೇ ಲೆಕ್ಕ. ಸಾಹಿತ್ಯ ಆಶುವಾಗಿ ಬರಲಿ. ಆದರೆ ಸ್ವರ, ತಾಳ, ಹಾಡಿನ ಅಚ್ಚು, ಕೈಸನ್ನೆ ಇವೆಲ್ಲ ಮೊದಲೇ ಮೈಗೂಡಿರಬೇಕು. ಎಲ್ಲವನ್ನೂ ಆ ಕ್ಷಣಕ್ಕೆ ಬಿಟ್ಟವರು ಎರಡನೇ ಹಾಡಿಗೇ ತಡವರಿಸುತ್ತಾರೆ.

ನಾಲ್ಕು ಜನ ಸಾಕು: ಹಾಡಲು ಇಬ್ಬರು, ಗಿಟಾರಿಗೋ ಕೀಬೋರ್ಡಿಗೋ ಒಬ್ಬರು, ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ) ಬಡಿಯಲು ಒಬ್ಬರು. ಸಣ್ಣ ಸಭಾಂಗಣಕ್ಕೆ ಪೂರ್ತಿ ಡ್ರಮ್ ಸೆಟ್ ತರಬೇಡಿ. ಪದ ಕೇಳದಿದ್ದರೆ ನಗು ಎಲ್ಲಿಂದ ಬರಬೇಕು? 45 ನಿಮಿಷಕ್ಕೆ ಐದು ಹಾಡು ಸರಿಯಾದ ಅಳತೆ. ಒಂದೊಂದು ಹಾಡಿಗೆ ನಾಲ್ಕು ನಿಮಿಷ, ನಡುವೆ ಬ್ಯಾಂಡಿನವರ ಹಳೇ ಜಗಳ.

ಬ್ಯಾಂಡಿನ ಹೆಸರು, ಊರು, ಅದು ಒಡೆದುಹೋದ ಕಾರಣ ಈ ಮೂರನ್ನೂ ಶುರುವಿನಲ್ಲೇ ಸಭಿಕರಿಂದ ಕೇಳಿ ಪಡೆಯಿರಿ. ‘ಯಾವುದಾದರೂ ಪದ ಹೇಳಿ’ ಎಂದರೆ ಪ್ರತಿ ಊರಲ್ಲೂ ಅದದೇ ಕಕ್ಕಸು ಹಾಸ್ಯ ಬರುತ್ತದೆ. ‘ನಿಮ್ಮ ಮನೆಯಲ್ಲಿ ವರ್ಷದಿಂದ ರಿಪೇರಿಯಾಗದೆ ಬಿದ್ದಿರುವ ವಸ್ತು ಯಾವುದು?’ ಎಂದು ಕೇಳಿ ನೋಡಿ. ಮೊದಲು ಕಿವಿಗೆ ಬಿದ್ದ ಉತ್ತರವನ್ನೇ ತೆಗೆದುಕೊಂಡು ಮೈಕಿನಲ್ಲಿ ಮತ್ತೊಮ್ಮೆ ಹೇಳಿ. ಹಿಂದಿನ ಸಾಲಿನವರಿಗೆ ಅದು ಕೇಳದಿದ್ದರೆ ಹಾಡು ಬಾಯಿಪಾಠದ್ದೆಂದೇ ಅವರು ತಿಳಿಯುತ್ತಾರೆ.

ಹಾಡಿನ ಅಚ್ಚು ಹೀಗಿರಲಿ: ಪಲ್ಲವಿ, ಚರಣ, ಪಲ್ಲವಿ, ಚರಣ, ಎರಡು ಸಲ ಪಲ್ಲವಿ. ನಾಲ್ಕು ಎಣಿಕೆಯ ತಾಳದಲ್ಲಿ ನಿಮಿಷಕ್ಕೆ ಸುಮಾರು 100 ಬಡಿತ, ಜಿ–ಡಿ–ಇ ಮೈನರ್–ಸಿ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಒಂದೊಂದು ಆವರ್ತಕ್ಕೆ, ಅಂದರೆ ತಾಳದ ಒಂದೊಂದು ಸುತ್ತಿಗೆ, ಒಂದರಂತೆ. ಇದರ ಜೊತೆಗೆ 12 ಆವರ್ತದ ಬ್ಲೂಸ್ ಎಂಬ ಅಮೆರಿಕದ ಹಾಡಿನ ನಡೆ ಒಂದು (ಜಿ ನಾಲ್ಕು, ಸಿ ಎರಡು, ಜಿ ಎರಡು, ಆಮೇಲೆ ಡಿ, ಸಿ, ಜಿ, ಜಿ), ಆರು ಎಣಿಕೆಯ ಜೋಗುಳದ ನಡೆ ಒಂದು. ಇಷ್ಟಿದ್ದರೆ ಮೊದಲ ವರ್ಷ ಕಳೆಯುತ್ತದೆ. ಪಲ್ಲವಿ ಎರಡೇ ಸಾಲು ಇರಲಿ, ಸಾಲಿಗೆ ಐದಾರು ಪದ. ಜೊತೆಗಾರರು ಒಂದೇ ಸಲ ಕೇಳಿ ದನಿಗೂಡಿಸಬೇಕಲ್ಲ!

ಕನ್ನಡದಲ್ಲಿ ಹಾಡುವವರಿಗೆ ನಿಜವಾದ ತೊಡಕು ಪ್ರಾಸದ್ದು. ಅದು ಕಷ್ಟ ಎಂದಲ್ಲ, ಅತಿ ಸುಲಭ ಎಂಬುದೇ ತೊಡಕು. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬಂದೆ–ತಂದೆ–ತಿಂದೆ’ ಎಂದು ರಾತ್ರಿಯಿಡೀ ಹಾಡಬಹುದು, ಯಾರೂ ನಗುವುದಿಲ್ಲ. ಆದ್ದರಿಂದ ವಾಕ್ಯವನ್ನು ತಿರುವಿ ನಾಮಪದವನ್ನು ಕೊನೆಗೆ ತನ್ನಿ. ಸಭಿಕರು ಕೊಟ್ಟ ಪದ ‘ಚಪ್ಪಲಿ’ ಎಂದುಕೊಳ್ಳಿ. ಅದಕ್ಕೆ ಹೊಂದುವ ‘ಒಪ್ಪಲಿ’ಯನ್ನು ಮನಸ್ಸಿನಲ್ಲೇ ಹುಡುಕಿ, ಅದನ್ನು ಮೊದಲ ಸಾಲಿಗೆ ಹಾಕಿ:

ಇದೇ ನನ್ನ ಹಣೆಬರಹ ಅಂತ ಹೇಗೆ ಒಪ್ಪಲಿ?
ಛತ್ರದಲ್ಲಿ ಕಾಣೆಯಾಯ್ತು ಹೊಸಾ ಚಪ್ಪಲಿ!

ಸಾಲುಗಳನ್ನು ಅದಲುಬದಲು ಮಾಡಿ ಹಾಡಿ ನೋಡಿ, ಗಾಳಿ ಹೋದ ಬಲೂನು. ಕಾದಿದ್ದ ಪದ ಎರಡನೆಯದಾಗಿ ಬಂದಾಗಲೇ ಚಪ್ಪಾಳೆ. ‘ಮಿಕ್ಸಿ–ಟ್ಯಾಕ್ಸಿ’, ‘ಕುಕ್ಕರ್–ಚಕ್ಕರ್’ನಂಥ ಜೋಡಿಗಳನ್ನು ಹುಡುಕುತ್ತ ವಾರದ ತಾಲೀಮಿನಲ್ಲಿ ಹತ್ತು ನಿಮಿಷ ವೃತ್ತವಾಗಿ ಕೂತು ಆಡಿ. ಚರಣ ಬರಿ ಪ್ರಾಸದ ಸರಮಾಲೆಯಾಗದಿರಲಿ: ಮೊದಲನೆಯದರಲ್ಲಿ ಏನಾಯ್ತು, ಎರಡನೆಯದರಲ್ಲಿ ಅದು ಇನ್ನೆಷ್ಟು ಕೆಟ್ಟಿತು.

ಸನ್ನೆ ಮೂರೇ: ತಲೆಯ ಮೇಲೆ ಕೈಯಿಟ್ಟರೆ ಪಲ್ಲವಿಗೆ ವಾಪಸ್, ಬೆರಳು ತಿರುಗಿಸಿದರೆ ಇನ್ನೊಂದು ಸುತ್ತು, ಮುಷ್ಟಿ ಬಿಗಿದರೆ ನಿಲ್ಲಿಸಿ. ಗಾಯಕರು ಸಿಕ್ಕಿಬಿದ್ದರೆ ಗಿಟಾರಿನವರು ಕೇಳದೆಯೇ ಎರಡು ಆವರ್ತ ನುಡಿಸಿ ಉಸಿರು ಕೊಡಬೇಕು. ನಗು ಹೆಚ್ಚಾದಂತೆ ಕಹೋನ್ ಓಡತೊಡಗುತ್ತದೆ, ಓಡಿದಷ್ಟೂ ಪ್ರಾಸ ಹುಡುಕಲು ಸಮಯ ಕಡಿಮೆ. ಹಾಗಾಗಿ ಲಯದವರು ನಗಬಾರದು. ಅಸಲಿಗೆ ಯಾರೂ ನಗಬಾರದು. ಈ ಬ್ಯಾಂಡು ತನ್ನನ್ನು ತಾನು ಮಹಾನ್ ಎಂದೇ ನಂಬಿದೆ, ತಮಾಷೆಯೆಲ್ಲ ಆ ನಂಬಿಕೆಯದ್ದೇ. ಗಾಬರಿಯಲ್ಲಿ ನಾಲಿಗೆ ಗೊತ್ತಿರುವ ಸಿನಿಮಾ ಧಾಟಿಗೆ ಜಾರುವುದೂ ಉಂಟು. ಆಗ ಗಿಟಾರಿನವರು ತಾಳದ ನಡೆಯನ್ನೇ ಬದಲಿಸಿ ಎಳೆದು ತರಲಿ.

ಹಾಡದಿರುವ ಗಾಯಕ ಪಕ್ಕದಲ್ಲಿ ನಿಂತು, ಬಂದ ಪದಗಳನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಬ್ಯಾಂಡು ಒಡೆದ ಕಾರಣದ ಮೇಲಿನ ಕೊನೆಯ ಹಾಡಿನಲ್ಲಿ ಕನಿಷ್ಠ ಮೂರು ಹಳೇ ಪದ ಮರಳಿ ಬರಬೇಕು. ಅದಕ್ಕೆ ಯಾರಾದರೂ ‘ಒನ್ಸ್ ಮೋರ್’ ಕೂಗಿದರೆ ಕೈಮುಗಿದು ಇಳಿಯಿರಿ. ಆ ಸಾಲುಗಳು ನಿಮಗೇ ನೆನಪಿರುವುದಿಲ್ಲ.